ಕಾವಲುಗಾರರಿಗೆ ಹೊಸ ಕಣ್ಣು

ಮೇ ತಿಂಗಳು ಬಂತೆಂದರೆ ಅಮೆರಿಕದ ಹುಡುಗಿಯೊಬ್ಬಳ ಫೋಟೊ ಪತ್ರಿಕೆಗಳಲ್ಲಿ, ಮೊಬೈಲುಗಳಲ್ಲಿ ಓಡಾಡುತ್ತದೆ. ಕೈಯಲ್ಲೊಂದು ಪುಟ್ಟ ಫಲಕ ಹಿಡಿದು ನಗುತ್ತಿರುತ್ತಾಳೆ. ಕ್ಯಾನ್ಸರ್ ಇಲ್ಲದೆ ಎಷ್ಟು ವರ್ಷ ಕಳೆಯಿತು ಎಂಬ ಲೆಕ್ಕ ಆ ಫಲಕದ ಮೇಲಿರುತ್ತದೆ. ಮೊದಲ ಫೋಟೊದಲ್ಲಿ ‘ಒಂದು’ ಎಂದಿತ್ತು. ಈಗ ಆ ಸಂಖ್ಯೆ ಹತ್ತನ್ನು ದಾಟಿ ಮುಂದೆ ಹೋಗಿದೆ. ಹುಡುಗಿಯೂ ಬೆಳೆದು ಕಾಲೇಜು ಸೇರಿದ್ದಾಳೆ. ಅವಳ ಹೆಸರು ಎಮಿಲಿ ವೈಟ್‌ಹೆಡ್.

ಎಮಿಲಿಗೆ ಐದು ವರ್ಷವಾಗಿದ್ದಾಗ, 2010ರಲ್ಲಿ, ಮೈಮೇಲೆ ಪೆಟ್ಟು ಬೀಳದೆಯೇ ಕಂದುಗಟ್ಟಿದ ಕಲೆಗಳು ಕಾಣಿಸಿಕೊಂಡವು. ಮೂಗಿನಿಂದ ರಕ್ತ ಬರುತ್ತಿತ್ತು. ಪರೀಕ್ಷೆ ಮಾಡಿದಾಗ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ, ಔಷಧಕ್ಕೆ ಸಾಮಾನ್ಯವಾಗಿ ಚೆನ್ನಾಗಿಯೇ ಬಗ್ಗುವ ಬಗೆ ಅದು. ಒಳ್ಳೆಯ ಚಿಕಿತ್ಸೆ ಸಿಗುವ ಕಡೆಗಳಲ್ಲಿ ಇಂಥ ಹತ್ತು ಮಕ್ಕಳಲ್ಲಿ ಎಂಟೊಂಬತ್ತು ಮಕ್ಕಳು ಕೀಮೊಥೆರಪಿಯಿಂದಲೇ ಗುಣವಾಗುತ್ತಾರೆ. ಎಮಿಲಿ ಉಳಿದವರ ಸಾಲಿಗೆ ಸೇರಿದಳು. ಕಾಯಿಲೆ ಎರಡು ಸಲ ಮರುಕಳಿಸಿತು. 2012ರ ವಸಂತದ ಹೊತ್ತಿಗೆ ಅವಳಿಗೆ ಕೊಡಲು ಬೇರೆ ಔಷಧ ಉಳಿದಿರಲಿಲ್ಲ.

ಆಗ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ವೈದ್ಯರು ಅಲ್ಲಿಯವರೆಗೆ ಈ ಕಾಯಿಲೆಯ ಯಾವ ಮಗುವಿನ ಮೇಲೂ ಮಾಡದಿದ್ದ ಪ್ರಯೋಗಕ್ಕೆ ಕೈಹಾಕಿದರು. ಅವಳದೇ ರಕ್ತದ ಕೋಶಗಳನ್ನು ಹೊರತೆಗೆದು, ಅವಕ್ಕೆ ಹೊಸ ಪಾಠ ಕಲಿಸಿ, ಮತ್ತೆ ಅವಳ ಮೈಯೊಳಗೇ ಬಿಟ್ಟರು.

ಈ ಚಿಕಿತ್ಸೆಗೆ ‘ಕಾರ್‌-ಟಿ’ ಎಂದು ಹೆಸರು. ಓಡಿಸುವ ಕಾರಿಗೂ ಇದಕ್ಕೂ ಸಂಬಂಧವಿಲ್ಲ. ಮೂವತ್ತು ವರ್ಷ ಹಾಸನ ಜಿಲ್ಲೆಯ ಪಿಯು ಕಾಲೇಜುಗಳಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಟಿ ಕೋಶಗಳ ಬಗ್ಗೆ ಪ್ರತಿ ವರ್ಷವೂ ಬೋರ್ಡಿನ ಮೇಲೆ ಬರೆಸಿದ್ದೇನೆ. ಆ ಕೋಶಗಳೇ ಒಂದು ದಿನ ಔಷಧಿಯಾಗಿ ಚೀಲದಲ್ಲಿ ತುಂಬಿ ಬರುತ್ತವೆ ಎಂದು ನಾನು ಪಾಠ ಶುರುಮಾಡಿದ ಕಾಲದಲ್ಲಿ ಯಾರಾದರೂ ಹೇಳಿದ್ದರೆ ಕಥೆ ಎಂದುಕೊಳ್ಳುತ್ತಿದ್ದೆ.

ಕೋಳಿ ಕಲಿಸಿದ ಪಾಠ

ನಮ್ಮ ರಕ್ತದಲ್ಲಿ ಬಿಳಿರಕ್ತಕಣಗಳಿವೆ, ಅವು ರೋಗಾಣುಗಳ ಜೊತೆ ಹೋರಾಡುತ್ತವೆ ಎಂದು ನೀವೆಲ್ಲ ಓದಿದ್ದೀರಿ. ಅವುಗಳಲ್ಲೂ ಹಲವು ಬಗೆ. ಇಲ್ಲಿ ನಮಗೆ ಬೇಕಾದದ್ದು ಎರಡು: ಬಿ ಕೋಶ ಮತ್ತು ಟಿ ಕೋಶ.

ಬಿ ಕೋಶ ಗೊತ್ತಾದದ್ದು ಕೋಳಿಯಿಂದ. ಕೋಳಿಯ ಬಾಲದ ಬಳಿ ‘ಬರ್ಸಾ’ ಎಂಬ ಸಣ್ಣ ಚೀಲವಿದೆ. ಅದು ಯಾಕಿದೆ ಎಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1950ರ ದಶಕದಲ್ಲಿ ಅಮೆರಿಕದ ಓಹಿಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳ ಬರ್ಸಾ ತೆಗೆದು ಏನಾಗುತ್ತದೆ ಎಂದು ನೋಡುತ್ತಿದ್ದರು. ವಿಶೇಷವೇನೂ ಕಾಣಲಿಲ್ಲ. ಅವರ ಗೆಳೆಯ ತಿಮೊಥಿ ಚಾಂಗ್ ತಮ್ಮ ತರಗತಿಯಲ್ಲಿ ಪ್ರಯೋಗ ತೋರಿಸಲೆಂದು ಆ ಕೋಳಿಗಳಲ್ಲಿ ಕೆಲವನ್ನು ಎರವಲು ಪಡೆದರು. ರೋಗಾಣುವನ್ನು ಚುಚ್ಚಿದರೆ ಕೋಳಿಯ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ ಎಂದು ತೋರಿಸುವ ಪ್ರಯೋಗ ಅದು. ಪ್ರಯೋಗ ಕೆಟ್ಟಿತು. ಆ ಕೋಳಿಗಳಲ್ಲಿ ಪ್ರತಿಕಾಯಗಳೇ ಹುಟ್ಟಲಿಲ್ಲ! ತರಗತಿಯಲ್ಲಿ ಕೆಟ್ಟ ಪ್ರಯೋಗದಿಂದಲೇ ಬರ್ಸಾದ ಕೆಲಸ ಏನೆಂದು ಹೊರಬಿತ್ತು. ಪ್ರತಿಕಾಯ ತಯಾರಿಸುವ ಕೋಶಗಳಿಗೆ ‘ಬಿ’ ಎಂಬ ಹೆಸರು ಬಂದದ್ದು ಹೀಗೆ. ಮನುಷ್ಯರಿಗೆ ಬರ್ಸಾ ಇಲ್ಲ. ನಮ್ಮ ಬಿ ಕೋಶಗಳು ಮೂಳೆಮಜ್ಜೆಯಲ್ಲೇ ಬೆಳೆಯುತ್ತವೆ.

ಟಿ ಕೋಶದ ‘ಟಿ’ ಎಂದರೆ ಥೈಮಸ್. ಎದೆಮೂಳೆಯ ಹಿಂದೆ, ಹೃದಯದ ಮೇಲ್ಭಾಗದಲ್ಲಿ ಈ ಗ್ರಂಥಿ ಇದೆ. ಮಕ್ಕಳಲ್ಲಿ ಅದು ದೊಡ್ಡದು. ನನ್ನ ವಯಸ್ಸಿಗೆ ಬರುವಷ್ಟರಲ್ಲಿ ಬಹುಪಾಲು ಕೊಬ್ಬಾಗಿ ಬದಲಾಗಿರುತ್ತದೆ. ಅದು ಟಿ ಕೋಶಗಳ ಗರಡಿಮನೆ ಎಂದು 1961ರಲ್ಲಿ ಲಂಡನ್ನಿನಲ್ಲಿದ್ದ ಜ್ಯಾಕ್ ಮಿಲ್ಲರ್ ಎಂಬ ವಿಜ್ಞಾನಿ ಇಲಿಮರಿಗಳ ಮೇಲೆ ಮಾಡಿದ ಪ್ರಯೋಗದಿಂದ ತೋರಿಸಿಕೊಟ್ಟರು.

ಬಿ ಕೋಶ ದೂರದಿಂದ ಬಾಣ ಬಿಟ್ಟ ಹಾಗೆ ಪ್ರತಿಕಾಯಗಳನ್ನು ಬಿಡುತ್ತದೆ. ಟಿ ಕೋಶ ಹಾಗಲ್ಲ. ಬೀದಿ ಬೀದಿ ಸುತ್ತುವ ಬೀಟ್ ಪೊಲೀಸನ ಹಾಗೆ ಒಂದೊಂದು ಕೋಶದ ಬಾಗಿಲಿಗೂ ಹೋಗಿ ಮುಟ್ಟಿ ನೋಡುತ್ತದೆ. ವೈರಸ್ ಹೊಕ್ಕ ಕೋಶ ಸಿಕ್ಕರೆ ಅಲ್ಲೇ ಅದರ ಕಥೆ ಮುಗಿಸುತ್ತದೆ.

ಹಾಗಾದರೆ ಕ್ಯಾನ್ಸರ್ ಕೋಶವನ್ನು ಅದು ಯಾಕೆ ಹಿಡಿಯುವುದಿಲ್ಲ? ಕಾರಣ, ಕ್ಯಾನ್ಸರ್ ಹೊರಗಿನಿಂದ ಬಂದ ಕಳ್ಳ ಅಲ್ಲ. ನಮ್ಮದೇ ಕೋಶ ದಾರಿ ತಪ್ಪಿ ಮಿತಿಯಿಲ್ಲದೆ ಬೆಳೆಯತೊಡಗಿದ್ದು. ಎಮಿಲಿಯಲ್ಲಿ ಕೆಟ್ಟದ್ದು ಅವಳದೇ ಬಿ ಕೋಶಗಳು. ಮನೆಯವರ ಮುಖ ಹೊತ್ತವರನ್ನು ಕಾವಲುಗಾರ ತಡೆಯುವುದು ಹೇಗೆ? ಅವನಿಗೆ ಹೊಸ ಕಣ್ಣು ಬೇಕು.

ಹಳೇಬೀಡಿನ ಮಕರ

ಹಳೇಬೀಡಿಗೆ ಹೋದವರು ಗುಡಿಯ ಗೋಡೆಯ ಕೆಳಭಾಗದ ಪಟ್ಟಿಕೆಗಳನ್ನು ನೋಡಿರುತ್ತೀರಿ. ಆನೆ, ಕುದುರೆಗಳ ಸಾಲಿನ ಜೊತೆಗೆ ಮಕರದ ಸಾಲೂ ಇದೆ. ಸೊಂಡಿಲಿನಂಥ ಮೂತಿ, ಸಿಂಹದ ಕಾಲು, ನವಿಲಿನ ಬಾಲ ಎಂದು ಗೈಡುಗಳು ತೋರಿಸುತ್ತಾರೆ. ಹಲವು ಪ್ರಾಣಿಗಳ ಅಂಗಗಳನ್ನು ಸೇರಿಸಿ ಶಿಲ್ಪಿ ಕಡೆದ ಪ್ರಾಣಿ ಅದು. ಗ್ರೀಕರ ಪುರಾಣದಲ್ಲೂ ಸಿಂಹ, ಮೇಕೆ, ಹಾವು ಸೇರಿದ ‘ಕಿಮೇರಾ’ ಎಂಬ ಪ್ರಾಣಿ ಇದೆ. ‘ಕಾರ್‌’ ಎಂಬ ಹೆಸರಿನ ಮೊದಲ ಅಕ್ಷರ ಬಂದದ್ದು ಆ ಕಿಮೇರಾದಿಂದ.

ವಿಜ್ಞಾನಿಗಳು ಮಾಡಿದ ಕಸಿಯೂ ಅಂಥದ್ದೇ. ಪ್ರತಿಕಾಯಕ್ಕೆ ಗುರುತು ಹಿಡಿಯುವ ಶಕ್ತಿ ಇದೆ, ಕೊಲ್ಲುವ ಬಲ ಟಿ ಕೋಶಕ್ಕಿದೆ. ಪ್ರತಿಕಾಯದ ತುದಿಯನ್ನು ತಂದು ಟಿ ಕೋಶದ ಹೊರಮೈಗೆ ಜೋಡಿಸಿದರೆ? ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಝೆಲಿಗ್ ಎಶ್ಹರ್ ಮತ್ತು ಅವರ ಸಂಗಡಿಗರು ಇಂಥ ಜೋಡಣೆಯನ್ನು 1989ರಲ್ಲಿ ಪ್ರಕಟಿಸಿದರು. ಆದರೆ ಮೊದಮೊದಲ ಕೋಶಗಳು ಮೈಯೊಳಗೆ ಹೆಚ್ಚು ದಿನ ಬಾಳಲಿಲ್ಲ. ಸ್ಕೂಟರಿಗೆ ಕೀಲಿ ತಿರುಗಿಸಿದರಷ್ಟೇ ಸಾಲದು, ಆಕ್ಸಿಲರೇಟರ್ ಕೊಡಬೇಕಲ್ಲವೇ? ಅಂಥ ಎರಡನೆಯ ಸಂಕೇತವನ್ನು ನ್ಯೂಯಾರ್ಕಿನ ಮಿಶೆಲ್ ಸಾಡಲೇನ್, ಮೆಂಫಿಸ್‌ನ ಡೇರಿಯೊ ಕಂಪಾನಾ ಮುಂತಾದವರು ಸೇರಿಸಿದ ಮೇಲೆ ಕೋಶಗಳು ಬಾಳಿದವು, ಬೆಳೆದವು.

ಗುರಿ ಯಾವುದು? ಬಿ ಕೋಶಗಳ ಮೈಮೇಲೆ ‘ಸಿಡಿ19’ ಎಂಬ ಗುರುತಿದೆ. ಕೆಟ್ಟ ಬಿ ಕೋಶದ ಮೇಲೂ ಇದೆ, ಒಳ್ಳೆಯದರ ಮೇಲೂ ಇದೆ. ಹೊಸ ಕಣ್ಣಿನ ಟಿ ಕೋಶ ಎರಡನ್ನೂ ಕೊಲ್ಲುತ್ತದೆ. ಬಿ ಕೋಶ ಇಲ್ಲದೆಯೂ ಮನುಷ್ಯ ಬದುಕಬಲ್ಲ. ಬೇಕಾದ ಪ್ರತಿಕಾಯಗಳನ್ನು ಹೊರಗಿನಿಂದ ಕೊಡಬಹುದು. ಹಾಗಾಗಿಯೇ ಈ ಗುರಿಯನ್ನು ಆರಿಸಿದರು.

“ಎಚ್‌ಐವಿ ಹಾಕ್ತಾರಂತೆ, ಹೌದಾ ಮೇಡಂ?”

ಎರಡು ವರ್ಷದ ಹಿಂದೆ ಒಂದು ರಾತ್ರಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೆಂಗಳೂರಿನಿಂದ ಫೋನ್ ಮಾಡಿದ. ಅರಸೀಕೆರೆ ಕಡೆಯವನು. ಹೆಸರು ಬೇಡ. ಅವನ ಹದಿನಾರು ವರ್ಷದ ಮಗಳಿಗೆ ಎಮಿಲಿಗೆ ಬಂದದ್ದೇ ಕಾಯಿಲೆ, ಅದು ಮರುಕಳಿಸಿತ್ತು. ವೈದ್ಯರು ಕಾರ್‌-ಟಿ ಬಗ್ಗೆ ಹೇಳಿದ್ದರು.

“ಮೇಡಂ, ಅವಳ ರಕ್ತಾನೇ ತೆಗೆದು ಅದಕ್ಕೆ ಎಚ್‌ಐವಿ ವೈರಸ್ ಹಾಕಿ ವಾಪಸ್ ಕೊಡ್ತಾರಂತೆ. ಹೌದಾ? ನಮ್ಮಮ್ಮ ಕೇಳಿದಾಗಿನಿಂದ ಊಟಾನೇ ಬಿಟ್ಟಿದಾರೆ. ಒಂದು ಕಾಯಿಲೆ ಹೋಗ್ಲಿ ಅಂತ ಇನ್ನೊಂದನ್ನ ಹಾಕಿಸ್ಕೊಳ್ಳೋದಾ?”

“ಮೊದಲು ಅಮ್ಮನಿಗೆ ಊಟ ಮಾಡೋಕೆ ಹೇಳಪ್ಪ. ಆಮೇಲೆ ಕೂತ್ಕೋ, ಹೇಳ್ತೀನಿ” ಎಂದೆ.

ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಟಿ ಕೋಶಕ್ಕೆ ಹೊಸ ಕಣ್ಣು ಮೂಡಬೇಕಾದರೆ ಅದರ ವಂಶವಾಹಿಗಳ ಪುಸ್ತಕದಲ್ಲಿ ಒಂದು ಹೊಸ ಪುಟ ಸೇರಿಸಬೇಕು. ಟಿ ಕೋಶದ ಪುಸ್ತಕದೊಳಗೆ ತನ್ನ ಪುಟ ತೂರಿಸುವ ಕಲೆಯಲ್ಲಿ ಎಚ್‌ಐವಿ ಪಳಗಿದ ವೈರಸ್. ಅದಕ್ಕೇ ವಿಜ್ಞಾನಿಗಳು ಆ ವೈರಸ್ಸಿನಿಂದ ರೋಗ ತರುವ ಮತ್ತು ಸಂತಾನ ಬೆಳೆಸುವ ಭಾಗಗಳನ್ನೆಲ್ಲ ಕಿತ್ತುಹಾಕಿ, ಪುಟ ತೂರಿಸುವ ಭಾಗವನ್ನು ಮಾತ್ರ ಉಳಿಸಿಕೊಂಡರು. ಕಳ್ಳನನ್ನು ಹೊರಗಿಟ್ಟು ಅವನ ಕೈಚಳಕವನ್ನು ಮಾತ್ರ ಒಳಗೆ ಬಿಟ್ಟುಕೊಂಡ ಹಾಗೆ. ಇದರಿಂದ ಏಡ್ಸ್ ಬರುವುದಿಲ್ಲ. ಆದರೆ ಕೆಲವು ಬಗೆಯ ಎಚ್‌ಐವಿ ಪರೀಕ್ಷೆಗಳು ಇಂಥ ರೋಗಿಗಳಲ್ಲಿ ಸುಳ್ಳು ಫಲಿತಾಂಶ ತೋರಿಸಬಹುದು. ಆದ್ದರಿಂದ ಕಾರ್‌-ಟಿ ಪಡೆದಿರುವ ವಿಷಯವನ್ನು ಮುಂದೆ ಯಾವ ವೈದ್ಯರ ಬಳಿ ಹೋದರೂ ಹೇಳಬೇಕು.

ಇನ್ನು ಕ್ರಮ. ಮೊದಲು ರೋಗಿಯ ರಕ್ತವನ್ನು ಕೆಲವು ಗಂಟೆಗಳ ಕಾಲ ಒಂದು ಯಂತ್ರದ ಮೂಲಕ ಹಾಯಿಸುತ್ತಾರೆ. ಯಂತ್ರ ಬಿಳಿಕಣಗಳನ್ನು ಇಟ್ಟುಕೊಂಡು ಉಳಿದ ರಕ್ತವನ್ನು ಮೈಗೆ ಹಿಂದಿರುಗಿಸುತ್ತದೆ. ಪ್ರಯೋಗಾಲಯದಲ್ಲಿ ಟಿ ಕೋಶಗಳನ್ನು ಬೇರ್ಪಡಿಸಿ, ಎಚ್ಚರಿಸಿ, ವೈರಸ್ಸಿನ ಮೂಲಕ ಹೊಸ ಪುಟ ಸೇರಿಸಿ, ಒಂದು ವಾರಕ್ಕೂ ಹೆಚ್ಚು ಕಾಲ ಬೆಳೆಸುತ್ತಾರೆ. ಅವು ಶುದ್ಧವಾಗಿವೆಯೇ, ಸಾಕಷ್ಟಿವೆಯೇ ಎಂದು ಪರೀಕ್ಷಿಸುತ್ತಾರೆ. ಒಟ್ಟು ಮೂರು ನಾಲ್ಕು ವಾರ ಹಿಡಿಯುತ್ತದೆ. ಕೋಶಗಳು ಬರುವ ಮುನ್ನ ರೋಗಿಗೆ ಕೆಲವು ದಿನ ಕೀಮೊಥೆರಪಿ ಕೊಡುತ್ತಾರೆ. ಬಿತ್ತನೆಗೆ ಮುಂಚೆ ಹೊಲದ ಕಳೆ ತೆಗೆಯುವುದಿಲ್ಲವೇ, ಹಾಗೆ. ಕೊನೆಗೆ ಒಂದು ಸಣ್ಣ ಚೀಲದ ದ್ರವವನ್ನು ಡ್ರಿಪ್ ಮೂಲಕ ಹರಿಸುತ್ತಾರೆ. ಅಷ್ಟು ದಿನದ ಸಿದ್ಧತೆಗೆ ಹೋಲಿಸಿದರೆ ಅದು ಕೆಲವೇ ನಿಮಿಷಗಳ ಕೆಲಸ.

ಅವನ ಮಗಳು ಫೋನ್ ಕಿತ್ತುಕೊಂಡು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: “ಅಜ್ಜಿ, ಕೂದಲು ಮತ್ತೆ ಉದುರುತ್ತಾ?” ಕೀಮೊ ಇರುವುದರಿಂದ ಉದುರಬಹುದು, ಆದರೆ ಮತ್ತೆ ಬೆಳೆಯುತ್ತದೆ ಎಂದೆ. “ಸರಿ ಬಿಡಿ, ಟೋಪಿ ಇದೆ” ಎಂದಳು.

ಜ್ವರದ ಹದಿನಾಲ್ಕು ದಿನ

ಈ ಚಿಕಿತ್ಸೆಯ ಅಪಾಯವನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಎಮಿಲಿಗೆ 2012ರ ಏಪ್ರಿಲ್‌ನಲ್ಲಿ ಕೋಶಗಳನ್ನು ಕೊಟ್ಟ ಕೆಲವೇ ದಿನಗಳಲ್ಲಿ ಜ್ವರ ಏರತೊಡಗಿತು. ಉಸಿರಾಟಕ್ಕೆ ಯಂತ್ರ ಬೇಕಾಯಿತು. ಸುಮಾರು ಎರಡು ವಾರ ಅವಳಿಗೆ ಎಚ್ಚರವಿರಲಿಲ್ಲ.

ಆದದ್ದು ಇಷ್ಟು. ಟಿ ಕೋಶಗಳು ಹೋರಾಟಕ್ಕೆ ಇಳಿದಾಗ ಸೈಟೊಕೈನ್ ಎಂಬ ರಾಸಾಯನಿಕಗಳ ಮೂಲಕ ಒಂದನ್ನೊಂದು ಕೂಗಿ ಕರೆಯುತ್ತವೆ. ಜಗಳದಲ್ಲಿ ಊರಿಗೆ ಊರೇ ಕೂಗಾಡಿದರೆ ಹೇಗಿರುತ್ತದೋ ಎಮಿಲಿಯ ಮೈ ಹಾಗಾಗಿತ್ತು. ಪರೀಕ್ಷೆ ಮಾಡಿಸಿದಾಗ ‘ಐಎಲ್‌-6’ ಎಂಬ ಒಂದು ಸೈಟೊಕೈನ್ ಮಿತಿಮೀರಿ ಏರಿರುವುದು ಕಂಡಿತು.

ಈ ಕೋಶಗಳನ್ನು ತಯಾರಿಸಿದ ತಂಡದ ಮುಖ್ಯಸ್ಥ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕಾರ್ಲ್ ಜೂನ್. ಅವರ ಸ್ವಂತ ಮಗಳಿಗೆ ಚಿಕ್ಕಂದಿನಲ್ಲೇ ಸಂಧಿವಾತವಿತ್ತು. ಹಾಗಾಗಿ ಐಎಲ್‌-6ರ ಬಾಯಿ ಮುಚ್ಚಿಸುವ ‘ಟೊಸಿಲಿಜುಮಾಬ್’ ಎಂಬ ಸಂಧಿವಾತದ ಔಷಧ ಅವರಿಗೆ ಗೊತ್ತಿತ್ತು. ಜಪಾನಿನ ತದಾಮಿತ್ಸು ಕಿಶಿಮೊಟೊ ಅವರ ಸಂಶೋಧನೆಯಿಂದ ಬಂದ ಔಷಧ ಅದು. ಕ್ಯಾನ್ಸರಿಗೂ ಅದಕ್ಕೂ ಸಂಬಂಧವಿರಲಿಲ್ಲ. ಎಮಿಲಿಯ ವೈದ್ಯ ಸ್ಟೀಫನ್ ಗ್ರೂಪ್ ಅದನ್ನೇ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಜ್ವರ ಇಳಿಯತೊಡಗಿತು. ಮೇ 2ರಂದು ಅವಳು ಕಣ್ಣುಬಿಟ್ಟಳು. ಅಂದು ಅವಳ ಏಳನೆಯ ಹುಟ್ಟುಹಬ್ಬ. ಅದೇ ತಿಂಗಳು ಮೂಳೆಮಜ್ಜೆ ಪರೀಕ್ಷಿಸಿದಾಗ ಕ್ಯಾನ್ಸರ್ ಕೋಶ ಕಾಣಲಿಲ್ಲ.

ಎಮಿಲಿ ಅಂದು ಉಳಿಯದೇ ಹೋಗಿದ್ದರೆ ಈ ಚಿಕಿತ್ಸೆಯೇ ಅಲ್ಲಿಗೆ ನಿಂತುಬಿಡುವ ಸಾಧ್ಯತೆ ಇತ್ತು ಎಂದು ಅವರೆಲ್ಲ ಹೇಳಿದ್ದಾರೆ. ಒಬ್ಬ ತಂದೆ ತನ್ನ ಮಗಳಿಗಾಗಿ ಔಷಧಗಳ ಬಗ್ಗೆ ತಿಳಿದುಕೊಂಡದ್ದು ಎಷ್ಟು ಮಕ್ಕಳನ್ನು ಕಾಯಿತು ನೋಡಿ. ಇಂದು ಕಾರ್‌-ಟಿ ಕೊಡುವ ಆಸ್ಪತ್ರೆಗಳಲ್ಲಿ ಈ ಔಷಧವನ್ನು ಮೊದಲೇ ತರಿಸಿಟ್ಟುಕೊಂಡಿರುತ್ತಾರೆ.

ನಾಲ್ಕು ಕೋಟಿಯಿಂದ ನಲವತ್ತು ಲಕ್ಷಕ್ಕೆ

2017ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಈ ಚಿಕಿತ್ಸೆಗೆ ಒಪ್ಪಿಗೆ ಕೊಟ್ಟಿತು. ಕಂಪನಿ ಇಟ್ಟ ಬೆಲೆ 4,75,000 ಡಾಲರ್. ಇಂದಿನ ಲೆಕ್ಕದಲ್ಲಿ ಸುಮಾರು 4 ಕೋಟಿ ರೂಪಾಯಿ. ಆಸ್ಪತ್ರೆಯ ಖರ್ಚು ಬೇರೆ. ಸಾಮಾನ್ಯ ಔಷಧವಾದರೆ ಒಂದೇ ಸಲ ಲಕ್ಷ ಮಾತ್ರೆ ಮಾಡಬಹುದು. ಇಲ್ಲಿ ಒಬ್ಬ ರೋಗಿಗೆ ಒಂದು ತಯಾರಿಕೆ. ದರ್ಜಿಯ ಬಳಿ ಅಳತೆ ಕೊಟ್ಟು ಹೊಲಿಸಿದ ಅಂಗಿಯ ಹಾಗೆ, ಒಬ್ಬರದು ಇನ್ನೊಬ್ಬರಿಗೆ ಆಗದು.

ಭಾರತದಲ್ಲಿ ಇದಕ್ಕೆ ಕೈಹಾಕಿದವರು ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಮತ್ತು ಅವರ ವಿದ್ಯಾರ್ಥಿಗಳು. ಮುಂಬೈನ ಟಾಟಾ ಮೆಮೋರಿಯಲ್ ಕೇಂದ್ರದ ವೈದ್ಯರು ಜೊತೆಗೂಡಿದರು. ಪುಟ ತೂರಿಸುವ ವೈರಸ್ಸನ್ನು ಹೊರದೇಶದಿಂದ ತರಿಸದೆ ಇಲ್ಲೇ ತಯಾರಿಸಿದ್ದು ಖರ್ಚು ಇಳಿಯಲು ಒಂದು ಮುಖ್ಯ ಕಾರಣ. ಅಮೆರಿಕದ ಚಿಕಿತ್ಸೆಯಲ್ಲಿ ಕಣ್ಣಿನ ತುದಿ ಇಲಿಯ ಪ್ರತಿಕಾಯದಿಂದ ಬಂದದ್ದು. ಇವರು ಅದನ್ನು ಮನುಷ್ಯರ ಪ್ರತಿಕಾಯಕ್ಕೆ ಹತ್ತಿರವಾಗುವಂತೆ ತಿದ್ದಿದರು. ‘ನೆಕ್ಸ್‌ಕಾರ್19’ ಎಂಬ ಹೆಸರಿನ ಈ ಚಿಕಿತ್ಸೆಗೆ 2023ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. 2024ರ ಏಪ್ರಿಲ್ 4ರಂದು ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಲೋಕಾರ್ಪಣೆ ಮಾಡಿದರು. ಬೆಲೆ 30ರಿಂದ 40 ಲಕ್ಷ ರೂಪಾಯಿ.

ನಮ್ಮ ಬೆಂಗಳೂರೂ ಹಿಂದೆ ಬಿದ್ದಿಲ್ಲ. ಕಿರಣ್ ಮಜುಂದಾರ್ ಶಾ, ಕ್ಯಾನ್ಸರ್ ವೈದ್ಯ ಹಾಗೂ ಲೇಖಕ ಸಿದ್ಧಾರ್ಥ ಮುಖರ್ಜಿ ಮುಂತಾದವರು ಕಟ್ಟಿದ ‘ಇಮ್ಯುನೀಲ್’ ಸಂಸ್ಥೆ ಸ್ಪೇನಿನ ಬಾರ್ಸಿಲೋನಾದ ಆಸ್ಪತ್ರೆಯೊಂದು ರೂಪಿಸಿದ ಕಾರ್‌-ಟಿಯನ್ನು ಇಲ್ಲಿ ತಯಾರಿಸಿ, 2025ರ ಜನವರಿಯಲ್ಲಿ ‘ಕ್ವಾರ್ಟೆಮಿ’ ಎಂಬ ಹೆಸರಿನಲ್ಲಿ ಹೊರತಂದಿತು. ಅದು ವಯಸ್ಕರಲ್ಲಿ ಕಾಣುವ ಬಿ ಕೋಶದ ಲಿಂಫೋಮಾ ಎಂಬ ಕ್ಯಾನ್ಸರಿಗೆ.

ಕೋಟಿಗಳಿಂದ ಲಕ್ಷಗಳಿಗೆ ಇಳಿದದ್ದು ದೊಡ್ಡ ಸಾಧನೆ. ಆದರೆ ಅರಸೀಕೆರೆಯ ಎರಡು ಎಕರೆ ತೆಂಗಿನ ತೋಟದ ಮುಂದೆ ನಲವತ್ತು ಲಕ್ಷ ಎಂದರೆ ಎಷ್ಟು? ನನ್ನ ವಿದ್ಯಾರ್ಥಿ ಒಂದು ಎಕರೆ ಮಾರಿದ. ಉಳಿದದ್ದಕ್ಕೆ ಅಕ್ಕನ ಒಡವೆ, ಸಹೋದ್ಯೋಗಿಗಳ ಚಂದಾ, ಎರಡು ಧರ್ಮದತ್ತಿಗಳ ನೆರವು. ಅವನ ಅಮ್ಮ ಹೇಳಿದ ಮಾತು ನನಗೆ ಮರೆಯುವುದಿಲ್ಲ: “ತೋಟ ನಮ್ಮ ಯಜಮಾನರು ಮಾಡಿದ್ದು. ಅವರಿದ್ದಿದ್ರೆ ಎರಡೂ ಎಕರೆ ಮಾರ್ತಿದ್ರು.”

ಗೆದ್ದದ್ದೆಷ್ಟು, ಉಳಿದದ್ದೆಷ್ಟು

ಮಕ್ಕಳು ಮತ್ತು ಯುವಕರ ಮೇಲೆ 11 ದೇಶಗಳಲ್ಲಿ ನಡೆದ ದೊಡ್ಡ ಪರೀಕ್ಷೆಯ ಫಲಿತಾಂಶ 2018ರಲ್ಲಿ ಬಂತು. ಬೇರೆ ದಾರಿ ಮುಗಿದಿದ್ದ 75 ಮಂದಿಯಲ್ಲಿ ಶೇಕಡ 81 ಮಂದಿಯ ರಕ್ತದಲ್ಲಿ ಮೂರು ತಿಂಗಳೊಳಗೆ ಕ್ಯಾನ್ಸರ್ ಕಾಣದಾಯಿತು. ಆದರೆ ಮುಂದಿನ ವರ್ಷಗಳಲ್ಲಿ ಹೀಗೆ ಗೆದ್ದವರಲ್ಲೂ ಸುಮಾರು ಅರ್ಧದಷ್ಟು ಜನರಿಗೆ ಕಾಯಿಲೆ ತಿರುಗಿ ಬಂತು. ಕೆಲವರಲ್ಲಿ ಕ್ಯಾನ್ಸರ್ ಕೋಶ ತನ್ನ ಸಿಡಿ19 ಗುರುತನ್ನೇ ಕಳಚಿಕೊಂಡು ತಪ್ಪಿಸಿಕೊಳ್ಳುತ್ತದೆ. ಶ್ವಾಸಕೋಶ, ಸ್ತನ, ಕರುಳಿನಂಥ ಗಡ್ಡೆಯ ಕ್ಯಾನ್ಸರುಗಳಲ್ಲಿ ಈ ಚಿಕಿತ್ಸೆ ಇನ್ನೂ ಇಷ್ಟು ಗೆದ್ದಿಲ್ಲ. ಅಪರೂಪಕ್ಕೆ, ಚಿಕಿತ್ಸೆ ಪಡೆದವರಲ್ಲಿ ಟಿ ಕೋಶದ್ದೇ ಹೊಸ ಕ್ಯಾನ್ಸರ್ ಕಂಡದ್ದರಿಂದ 2024ರಲ್ಲಿ ಅಮೆರಿಕದ ಔಷಧ ಇಲಾಖೆ ಎಚ್ಚರಿಕೆಯ ಮಾತನ್ನು ಸೇರಿಸಲು ಹೇಳಿತು.

ಇನ್ನೊಂದು ಮುಖವೂ ಇದೆ. 2010ರಲ್ಲಿ ಕಾರ್ಲ್ ಜೂನ್ ತಂಡದಿಂದ ಚಿಕಿತ್ಸೆ ಪಡೆದ ಡಗ್ ಓಲ್ಸನ್ ಎಂಬವರ ರಕ್ತದಲ್ಲಿ ಹತ್ತು ವರ್ಷ ಕಳೆದರೂ ಆ ಕೋಶಗಳು ಜೀವಂತವಾಗಿದ್ದವು. ಮಾತ್ರೆ ನುಂಗಿದರೆ ಕರಗಿಹೋಗುತ್ತದೆ. ಇದು ಮೈಯಲ್ಲೇ ಮನೆ ಮಾಡುವ ಔಷಧ.

ಅರಸೀಕೆರೆಯ ಹುಡುಗಿಗೆ ಜ್ವರ ಬಂತು, ಐದು ದಿನ ಕಾಡಿತು, ಇಳಿಯಿತು. ಈಗ ಕೆಲವು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತಾಳೆ. ವೈದ್ಯರು ‘ಗುಣವಾಯಿತು’ ಎನ್ನುವುದಿಲ್ಲ, ‘ಈಗ ಕಾಣುತ್ತಿಲ್ಲ’ ಎನ್ನುತ್ತಾರೆ. ಪ್ರತಿ ಸಲ ಫಲಿತಾಂಶ ಬರುವ ತನಕ ಆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲವಂತೆ. ಅವಳು ಮಾತ್ರ ದ್ವಿತೀಯ ಪಿಯುಸಿಗೆ ಓದಿಕೊಳ್ಳುತ್ತಿದ್ದಾಳೆ.

ಮುಂದಿನ ಬಾಗಿಲುಗಳು

2021ರಲ್ಲಿ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಗೇಯೋರ್ಗ್ ಷೆಟ್ ಮತ್ತು ಸಂಗಡಿಗರು ಈ ಕೋಶಗಳನ್ನು ಲೂಪಸ್ ರೋಗಿಗೆ ಕೊಟ್ಟರು. ಲೂಪಸ್‌ನಲ್ಲಿ ಮೈಯ ಕಾವಲು ಪಡೆ ಮೈಯ ಮೇಲೇ ತಿರುಗಿ ಬೀಳುತ್ತದೆ. ಅದರಲ್ಲಿ ಬಿ ಕೋಶಗಳ ಪಾತ್ರ ದೊಡ್ಡದು. ಇಪ್ಪತ್ತು ವರ್ಷದ ಆ ಯುವತಿ ಚೇತರಿಸಿಕೊಂಡಳು. ಮರುವರ್ಷ ಐವರ ಫಲಿತಾಂಶ ಪ್ರಕಟವಾಯಿತು. ಐವರೂ ಲೂಪಸ್ ಔಷಧಗಳನ್ನು ಬಿಡುವಂತಾಗಿತ್ತು.

2022ರಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಅಲಿಸಾ ಎಂಬ 13 ವರ್ಷದ ಹುಡುಗಿಗೆ ದಾನಿಯೊಬ್ಬರ ಟಿ ಕೋಶಗಳ ವಂಶವಾಹಿಯ ಅಕ್ಷರಗಳನ್ನೇ ತಿದ್ದಿ ಕೊಟ್ಟರು. ಅವಳದು ಟಿ ಕೋಶದ ಕ್ಯಾನ್ಸರ್. ಟಿ ಕೋಶವನ್ನು ಕೊಲ್ಲಲು ಟಿ ಕೋಶವನ್ನೇ ಕಳಿಸಿದರೆ ಅವು ತಮ್ಮತಮ್ಮಲ್ಲೇ ಹೊಡೆದಾಡಿಕೊಳ್ಳುತ್ತವೆ. ಹಾಗಾಗದಂತೆ ತಿದ್ದಿದ್ದರು. 28 ದಿನಗಳಲ್ಲಿ ಕಾಯಿಲೆ ಹಿಮ್ಮೆಟ್ಟಿತು. ಆಮೇಲೆ ಮೂಳೆಮಜ್ಜೆ ಕಸಿ ಮಾಡಿದರು. ದಾನಿಯ ಕೋಶಗಳಿಂದ ಮೊದಲೇ ತಯಾರಿಸಿ ಇಡಲು ಸಾಧ್ಯವಾದರೆ ವಾರಗಟ್ಟಲೆ ಕಾಯುವುದೂ ತಪ್ಪುತ್ತದೆ, ಬೆಲೆಯೂ ಇಳಿಯುತ್ತದೆ.

ಓದುತ್ತಿರುವ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಮಕ್ಕಳಲ್ಲಿ ಕಾರಣವಿಲ್ಲದೆ ಕಂದುಗಲೆ, ಬಿಟ್ಟುಬಿಟ್ಟು ಬರುವ ಜ್ವರ, ಬಿಳಿಚಿಕೊಂಡ ಮುಖ, ಮೂಳೆನೋವು ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಬಹುಪಾಲು ಸಲ ಅದು ಬೇರೆ ಸಣ್ಣ ಕಾಯಿಲೆಯೇ ಆಗಿರುತ್ತದೆ. ಕ್ಯಾನ್ಸರ್ ಆಗಿದ್ದರೂ ಮೊದಲ ಚಿಕಿತ್ಸೆಯನ್ನು ನಡುವೆ ಬಿಡದೆ ಮುಗಿಸಿದರೆ ಹೆಚ್ಚಿನ ಮಕ್ಕಳಿಗೆ ಕಾರ್‌-ಟಿ ಬೇಕಾಗುವುದೇ ಇಲ್ಲ.

ಎರಡನೆಯದು, ನಮ್ಮೆಲ್ಲರ ಕೈಯಲ್ಲಿರುವ ಕೆಲಸ. ಹೊಸ ಕೋಶಗಳು ತಯಾರಾಗಿ ಬರುವ ತನಕ, ಬಂದ ಮೇಲೂ ಕೆಲವು ವಾರ, ಈ ಮಕ್ಕಳಿಗೆ ಪ್ಲೇಟ್‌ಲೆಟ್ ಬೇಕಾಗುತ್ತದೆ. ಅದನ್ನು ಕಾರ್ಖಾನೆಯಲ್ಲಿ ಮಾಡಲಾಗದು. ಇನ್ನೊಬ್ಬ ಮನುಷ್ಯ ಕೊಡಬೇಕು. ಐದೇ ದಿನ ಬಾಳುವುದರಿಂದ ಕೂಡಿಟ್ಟುಕೊಳ್ಳಲೂ ಆಗದು. ಹದಿನೆಂಟು ತುಂಬಿದ ಆರೋಗ್ಯವಂತರು ಹತ್ತಿರದ ರಕ್ತನಿಧಿಯಲ್ಲಿ ಹೆಸರು ಬರೆಸಿ ಬನ್ನಿ. ಹದಿನೆಂಟು ಆಗದವರು ಮನೆಯ ದೊಡ್ಡವರನ್ನು ಹೊರಡಿಸಿ.